ಹಳೆಯ ಗಿಟಾರಿನ ಜಾತಕ

ಶಾಸನದಲ್ಲಿ ಕಾಲದ ಉಲ್ಲೇಖ ಅಳಿಸಿಹೋಗಿದ್ದರೆ ವಿದ್ವಾಂಸರು ಲಿಪಿಯ ರೂಪವನ್ನು ನೋಡಿ ಶತಮಾನವನ್ನು ಹೇಳುತ್ತಾರೆ. ವಾದ್ಯಗಳ ಕಾಲನಿರ್ಣಯವೂ ಬಹುಮಟ್ಟಿಗೆ ಇಂಥದೇ ವಿದ್ಯೆ. ಜಯನಗರ, ಬನಶಂಕರಿಗಳ ಹಳೆಯ ಮನೆಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುತ್ತಿರುವ ಈ ದಿನಗಳಲ್ಲಿ ಅಟ್ಟದ ಸಾಮಾನುಗಳು ಗುಜರಿಯ ಪಾಲಾಗುತ್ತಿವೆ. ಅವುಗಳ ನಡುವೆ ತಂತಿ ಹರಿದ ಗಿಟಾರೊಂದಿದ್ದರೆ, ಕೊಟ್ಟುಬಿಡುವ ಮುನ್ನ ಅದರ ಜಾತಕವನ್ನೊಮ್ಮೆ ನೋಡುವುದು ಒಳಿತು.

ಸಾಮಾನ್ಯ ಗಿಟಾರಿನ ಮುಖ ಚಪ್ಪಟೆ, ನಡುವೆ ದುಂಡು ರಂಧ್ರ. ‘ಆರ್ಚ್‌ಟಾಪ್’ ಎಂಬ ಬಗೆಯ ಗಿಟಾರಿನ ಮುಖ ಪಿಟೀಲಿನಂತೆ ಉಬ್ಬಿರುತ್ತದೆ; ಇಕ್ಕೆಲಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಹೋಲುವ ರಂಧ್ರಗಳಿರುತ್ತವೆ. ಅಮೆರಿಕದ ಕಲಮಜೂ ಊರಿನ ಆರ್ವಿಲ್ ಗಿಬ್ಸನ್, ಮರವನ್ನು ಕೆತ್ತಿ ಮ್ಯಾಂಡೊಲಿನ್ ಮಾಡುವ ತನ್ನ ಕ್ರಮಕ್ಕೆ 1898ರಲ್ಲಿ ಪೇಟೆಂಟ್ ಪಡೆದನು. ಅವನ ಹೆಸರಿನ ಕಂಪನಿ 1902ರಲ್ಲಿ ಸ್ಥಾಪನೆಯಾಯಿತು. ಲಾಯ್ಡ್ ಲೋರ್ ಅಲ್ಲಿ ಕೆಲಸ ಮಾಡುತ್ತಿದ್ದ 1920ರ ದಶಕದ ಆರಂಭದಲ್ಲಿ ‘ಎಲ್-5’ ಬಂದಿತು. 1934ರಲ್ಲಿ ‘ಸೂಪರ್ 400’. ಆ ಅಂಕಿಯೇ ಡಾಲರುಗಳಲ್ಲಿ ಅದರ ಬೆಲೆ.

ಪರೀಕ್ಷೆಗೆ ಟೇಪು, ಟಾರ್ಚುಗಳೆರಡು ಸಾಕು. ಮೊದಲು ಮೈಯ ಅತ್ಯಗಲದ ಭಾಗವನ್ನು ಅಳೆಯಬೇಕು. ಆರಂಭದ ಎಲ್-5 ಸುಮಾರು 16 ಅಂಗುಲ, 1930ರ ದಶಕದ ನಡುವಿನಿಂದ 17. ಸೂಪರ್ 400 ಆದರೆ 18. ಅನಂತರ ರಂಧ್ರದೊಳಕ್ಕೆ ಬೆಳಕು ಬಿಡಬೇಕು. 1947ರಿಂದ 1961ರವರೆಗಿನ ಚೀಟಿಗಳ ಸಂಖ್ಯೆ ‘ಎ’ ಅಕ್ಷರದಿಂದ ಆರಂಭವಾಗುತ್ತದೆ. 1950ರ ದಶಕದ ನಡುವೆ ಬಿಳಿಯ ಚೀಟಿ ಹೋಗಿ ಕಿತ್ತಳೆ ಬಣ್ಣದ್ದು ಬಂದಿತು. ಒಳಮೈಯ ಮರದ ಮೇಲೆಯೇ ಒತ್ತಿದ ಇನ್ನೊಂದು ಸಂಖ್ಯೆಯೂ ಇರಬಹುದು. 1952ರಿಂದ ಅದರ ಮೊದಲಕ್ಷರ ವರ್ಣಮಾಲೆಯಲ್ಲಿ ಹಿಮ್ಮುಖವಾಗಿ ನಡೆಯುತ್ತದೆ: ‘ಝಡ್’ 1952, ‘ವೈ’ 1953, ಹೀಗೆ ‘ಕ್ಯೂ’ 1961. ಮುಂದೆ ತಲೆಯ ಹಿಂಬದಿಗೆ ಸಂಖ್ಯೆ ಒತ್ತತೊಡಗಿದರು. 1960ರ ದಶಕದಲ್ಲಿ ಒಂದೇ ಸಂಖ್ಯೆ ಬೇರೆ ಬೇರೆ ವರ್ಷಗಳಲ್ಲಿ ಮರಳಿ ಬಂದಿರುವುದರಿಂದ ಅದೊಂದನ್ನೇ ನಂಬಲಾಗದು. ತಲೆಯ ಮೇಲಿನ ಹೆಸರನ್ನೂ ಅಕ್ಷರ ಬಿಡದೆ ಓದಬೇಕು. ‘ಗಿವ್‌ಸನ್’ ಎಂದಿದ್ದರೆ ಅದು ಕೋಲ್ಕತ್ತದ್ದು.

ಇನ್ನು ಕೊನೆಯದೂ ಮುಖ್ಯವಾದದ್ದೂ ಆದ ಒಂದು ಮಾತು. ನಮ್ಮ ದೇಶದಲ್ಲಿ ಸಿಕ್ಕುವ ಇಂಥ ವಾದ್ಯದಲ್ಲಿ ಹೆಚ್ಚಿನ ಬಿರಡೆಗಳೋ ಅವುಗಳ ತೂತುಗಳೋ ಕಂಡಾವು. ಬ್ರಿಜ್ ಭೂಷಣ್ ಕಾಬ್ರಾ ಅವರು ಸೂಪರ್ 400 ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಶ್ರುತಿಯ ತಂತಿಗಳನ್ನು ಸೇರಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರು ಆರ್ಚ್‌ಟಾಪಿಗೆ ತರಬಿನ ತಂತಿಗಳನ್ನು ಜೋಡಿಸಿ ‘ಮೋಹನವೀಣೆ’ ಎಂದರು. ಪಿಟೀಲಿನ ನಾಲ್ಕು ತಂತಿಗಳನ್ನು ಏಳಾಗಿಸಿದ ಮೈಸೂರು ಚೌಡಯ್ಯನವರನ್ನು ಕಂಡ ನಮಗೆ ಇದು ಹೊಸತಲ್ಲ.

ವಿದೇಶೀ ಸಂಗ್ರಾಹಕನ ದೃಷ್ಟಿಯಲ್ಲಿ ಆ ತೂತುಗಳು ಬೆಲೆಯನ್ನಿಳಿಸುವ ಕುಂದು. ಅವನ್ನು ಮುಚ್ಚಿಸಿ ‘ಅಸಲು’ ಮಾಡುವ ಆಸೆ ಹುಟ್ಟುವುದು ಸಹಜ. ಆದರೆ ಚೀಟಿ ಹೇಳುವುದು ವಾದ್ಯ ಕಲಮಜೂವಿನಲ್ಲಿ ಹುಟ್ಟಿದ ಕಥೆಯನ್ನಷ್ಟೆ. ಅದು ಇಲ್ಲಿ ಬಾಳಿದ ಕಥೆಗೆ ಆ ತೂತುಗಳೇ ಶಾಸನ. ಅವನ್ನು ಮುಚ್ಚಿಸಬೇಡಿ. ಯಾರು ತಂದರು, ಯಾರು ನುಡಿಸಿದರು ಎಂಬುದು ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ ಬರೆದು, ಆ ಹಾಳೆಯನ್ನು ಪೆಟ್ಟಿಗೆಯಲ್ಲಿಡಿ.