ದೂರಿಗೊಂದು ಬಾಗಿಲು

ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲನೆಂಬುದು ನಮ್ಮಲ್ಲಿ ಹಳೆಯ ಗಾದೆ. ಶಾಸನವು ಪ್ರಜೆಗಳಿಗೆ ಹಕ್ಕನ್ನು ಕೊಡಬಹುದು. ಆದರೆ ಆ ಹಕ್ಕಿಗೆ ಭಂಗ ಬಂದಾಗ ಹೋಗಿ ಹೇಳಿಕೊಳ್ಳಲು ಒಂದು ಬಾಗಿಲಿಲ್ಲದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುವುದು. ವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳ ಮಾನರಕ್ಷಣೆಯ ಚರಿತ್ರೆಯು ಬಹುಮಟ್ಟಿಗೆ ಈ ಬಾಗಿಲಿನ ಚರಿತ್ರೆಯೇ ಆಗಿದೆ. ಅದರ ಒಂದು ಮುಖ್ಯ ಅಧ್ಯಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿರುವ ಯೇಲ್ ವಿಶ್ವವಿದ್ಯಾನಿಲಯವು 1701ರಲ್ಲಿ ಸ್ಥಾಪಿತವಾದುದು. ಅದರ ಪ್ರಥಮ ಪದವಿಯ ಕಾಲೇಜಿಗೆ ಸ್ತ್ರೀಯರ ಪ್ರವೇಶವಾದುದು 1969ರಲ್ಲಿ. ಮೂರು ವರ್ಷಗಳ ಬಳಿಕ, 1972ರ ಜೂನ್ 23ರಂದು, ಆ ದೇಶದ ಶಿಕ್ಷಣ ತಿದ್ದುಪಡಿ ಶಾಸನಕ್ಕೆ ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದರು. ಕೇಂದ್ರ ಸರ್ಕಾರದ ಧನಸಹಾಯ ಪಡೆಯುವ ಯಾವ ಶಿಕ್ಷಣಕಾರ್ಯದಲ್ಲಿಯೂ ಸ್ತ್ರೀಪುರುಷ ಭೇದದಿಂದ ಯಾರನ್ನೂ ಹೊರಗಿಡಕೂಡದೆಂದು ಅದರ ಒಂಬತ್ತನೆಯ ಅಧಿಕರಣವು ವಿಧಿಸಿತು. ಲೈಂಗಿಕ ಕಿರುಕುಳವೆಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

1977ರಲ್ಲಿ ಯೇಲಿನಲ್ಲಿ ಓದುತ್ತಿದ್ದ ಮತ್ತು ಓದಿದ್ದ ಐವರು ಸ್ತ್ರೀಯರೂ ಅವರೊಡನೆ ಒಬ್ಬ ಪುರುಷ ಅಧ್ಯಾಪಕರೂ ವಿಶ್ವವಿದ್ಯಾನಿಲಯದ ಮೇಲೆಯೇ ದಾವೆ ಹೂಡಿದರು. ‘ಅಲೆಕ್ಸಾಂಡರ್ ವಿರುದ್ಧ ಯೇಲ್’ ಎಂದು ಅದು ಪ್ರಸಿದ್ಧವಾಗಿದೆ. ತನ್ನ ಬೇಡಿಕೆಗೆ ಒಪ್ಪಿದರೆ ಒಳ್ಳೆಯ ದರ್ಜೆ ಕೊಡುವೆನೆಂದು ಅಧ್ಯಾಪಕನು ಹೇಳಿದನೆಂದೂ, ಒಪ್ಪದುದರಿಂದ ಕೆಳದರ್ಜೆ ಬಂದಿತೆಂದೂ ಒಬ್ಬಾಕೆಯ ಫಿರ್ಯಾದು. ದೂರು ಕೇಳುವವರೇ ಇಲ್ಲದ ಕಡೆ ವಿದ್ಯಾಭ್ಯಾಸವು ಸಮಾನವಾಗಲಾರದೆಂಬುದು ಎಲ್ಲರ ವಾದ. ಆಗ ತಾನೆ ಯೇಲಿನಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದಿದ್ದ ಕ್ಯಾಥರಿನ್ ಮ್ಯಾಕಿನನ್ ಈ ವಾದವನ್ನು ರೂಪಿಸುವುದರಲ್ಲಿ ನೆರವಾದರು. ಗಮನಿಸತಕ್ಕ ಸಂಗತಿಯೇನೆಂದರೆ, ಇವರು ಹಣವನ್ನು ಕೇಳಲಿಲ್ಲ. ದೂರನ್ನು ಸ್ವೀಕರಿಸಿ ವಿಚಾರಿಸುವ ಒಂದು ಕ್ರಮವನ್ನು ಏರ್ಪಡಿಸಬೇಕೆಂದು ಕೇಳಿದರು.

ದಾವೆಯ ಗತಿ ಏನಾಯಿತು? 1977ರ ಡಿಸೆಂಬರಿನಲ್ಲಿ ಜಿಲ್ಲಾ ನ್ಯಾಯಸ್ಥಾನವು ಒಬ್ಬಾಕೆಯ ಫಿರ್ಯಾದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ತಳ್ಳಿಹಾಕಿತು. 1979ರಲ್ಲಿ ಆ ಒಂದರ ವಿಚಾರಣೆಯೂ ನಡೆದು, ಆರೋಪವು ಸಿದ್ಧವಾಗಲಿಲ್ಲವೆಂದು ತೀರ್ಪಾಯಿತು. 1980ರಲ್ಲಿ ಮೇಲಣ ನ್ಯಾಯಸ್ಥಾನವೂ ಇದನ್ನೇ ಎತ್ತಿಹಿಡಿದಿತು. ಫಿರ್ಯಾದಿಗಳು ಪದವಿ ಪಡೆದು ಹೊರಟುಹೋಗಿರುವರು. ವಿಶ್ವವಿದ್ಯಾನಿಲಯವು ದೂರಿನ ಕ್ರಮವನ್ನು ಈಗಾಗಲೇ ಏರ್ಪಡಿಸಿರುವುದು. ಇನ್ನು ಕೊಡತಕ್ಕ ಪರಿಹಾರವೇನೂ ಉಳಿದಿಲ್ಲ: ಇದು ಆ ತೀರ್ಪಿನ ಸಾರ.

ಹೊರನೋಟಕ್ಕೆ ಇದು ಸೋಲು. ಆದರೆ ಕೇಳಿದ ಬಾಗಿಲು ದಾವೆ ನಡೆಯುತ್ತಿದ್ದಾಗಲೇ ತೆರೆದಿತ್ತು. ಅಲ್ಲದೆ, ಲೈಂಗಿಕ ಬೇಡಿಕೆಗೆ ಮಣಿದರೆ ಮಾತ್ರ ವಿದ್ಯೆಯಲ್ಲಿ ಮುನ್ನಡೆಯೆಂಬುದು 1972ರ ಶಾಸನವು ನಿಷೇಧಿಸಿದ ಭೇದಭಾವವೇ ಆಗುವುದೆಂದು 1977ರ ತೀರ್ಪು ಒಪ್ಪಿದ್ದಿತು. ಬೇರೆ ವಿದ್ಯಾಲಯಗಳೂ ಕ್ರಮೇಣ ಇಂತಹ ಕ್ರಮಗಳನ್ನು ಏರ್ಪಡಿಸಿಕೊಂಡವು. ಅಧ್ಯಾಪಕನಿಂದ ಪೀಡಿತಳಾದ ವಿದ್ಯಾರ್ಥಿನಿಯು ಇದೇ ಅಧಿಕರಣದ ಮೇರೆಗೆ ನಷ್ಟಪರಿಹಾರವನ್ನೂ ಕೇಳಬಹುದೆಂದು 1992ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಸ್ಥಾನವು ನಿರ್ಣಯಿಸಿತು.

ಆದರೆ ಬಾಗಿಲನ್ನು ಇಟ್ಟ ಮಾತ್ರಕ್ಕೆ ಅದು ತೆರೆದೇ ಇರುವುದೆಂದು ತಿಳಿಯಲಾಗದು. 2010ರ ಅಕ್ಟೋಬರಿನಲ್ಲಿ, ಅದೇ ಯೇಲಿನಲ್ಲಿ, ಹೊಸ ವಿದ್ಯಾರ್ಥಿಗಳು ವಾಸಿಸುವ ಪ್ರಾಂಗಣದಲ್ಲಿಯೇ ಕೆಲವು ತರುಣರು ಸ್ತ್ರೀಯ ಸಮ್ಮತಿಯನ್ನು ಹೀಯಾಳಿಸುವ ಘೋಷಣೆಗಳನ್ನು ಕೂಗುತ್ತ ನಡೆದರು. 2011ರ ಮಾರ್ಚಿನಲ್ಲಿ 16 ಮಂದಿ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಸರ್ಕಾರದ ಶಿಕ್ಷಣ ಇಲಾಖೆಗೆ ದೂರಿತ್ತರು. ಆ ವರ್ಷವೇ ವಿಶ್ವವಿದ್ಯಾನಿಲಯವು ಇಂತಹ ದೂರುಗಳಿಗಾಗಿ ಹೊಸ ಸಮಿತಿಯೊಂದನ್ನು ಸ್ಥಾಪಿಸಿತು. 2012ರಲ್ಲಿ ಇಲಾಖೆಯೊಡನೆ ಒಪ್ಪಂದವಾಯಿತು. ಮೊದಲ ದಾವೆಯಾಗಿ ಆಗ ಸುಮಾರು 35 ವರ್ಷಗಳು ಸಂದಿದ್ದವು.

ಸರ್ಕಾರದ ನಿಯಮಗಳೂ ಸ್ಥಿರವಾಗಿ ನಿಲ್ಲಲಿಲ್ಲ. 2011ರ ಏಪ್ರಿಲ್ 4ರಂದು ಇಲಾಖೆಯು ಕಾಲೇಜುಗಳಿಗೆ ಕಟ್ಟುನಿಟ್ಟಾದ ಸೂಚನಾಪತ್ರವನ್ನು ಕಳುಹಿಸಿತು. ಆರೋಪಿಗೆ ನ್ಯಾಯವಾದ ವಿಚಾರಣೆ ದೊರೆಯುತ್ತಿಲ್ಲವೆಂಬ ಆಕ್ಷೇಪದ ಮೇಲೆ 2017ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 2020ರ ನಿಯಮಗಳು ಪಾಟೀಸವಾಲಿಗೆ ಎಡೆಗೊಟ್ಟವು. 2024ರಲ್ಲಿ ಬಂದ ಹೊಸ ನಿಯಮಗಳನ್ನು 2025ರ ಜನವರಿಯಲ್ಲಿ ನ್ಯಾಯಸ್ಥಾನವು ರದ್ದುಪಡಿಸಲು, 2020ರವೇ ಮರಳಿ ಜಾರಿಗೆ ಬಂದವು. ದೂರಿತ್ತವಳ ಮಾತನ್ನು ಕೇಳುವುದೂ ಆರೋಪಿಯ ಮಾತನ್ನು ಕೇಳುವುದೂ ಒಂದಕ್ಕೊಂದು ವಿರೋಧವಲ್ಲ. ಕೇಳುವ ಪೀಠದಲ್ಲಿ ಇಬ್ಬರಿಗೂ ನಂಬಿಕೆಯಿಲ್ಲದಿದ್ದರೆ ನಿಯಮವು ತಕ್ಕಡಿಯ ತಟ್ಟೆಯಂತೆ ಏರಿಳಿಯುತ್ತಲೇ ಇರುವುದು.

ಈ ಚರಿತ್ರೆಯಲ್ಲಿ ಮನಸ್ಸಿನಲ್ಲಿ ನಿಲ್ಲತಕ್ಕುದು 1980ರ ತೀರ್ಪಿನ ಒಂದು ಮಾತು: ಫಿರ್ಯಾದಿಗಳು ಹೊರಟುಹೋದರೆಂಬುದು. ಸಂಸ್ಥೆಗೆ ಶತಮಾನಗಳ ಆಯುಷ್ಯ. ವಿದ್ಯಾರ್ಥಿಗೆ ಅಲ್ಲಿ ನಾಲ್ಕೇ ವರ್ಷ. ಸುಮ್ಮನೆ ಕಾದರೆ ಸಾಕು, ದೂರಿದವರು ಪದವಿ ಪಡೆದು ತಾವಾಗಿಯೇ ತೆರಳುವರು. ಆ ಐವರು ಇದನ್ನರಿತೇ ಏನೋ, ತಮ್ಮೊಡನೆ ಹೋಗುವ ಪರಿಹಾರವನ್ನು ಬೇಡದೆ, ತಾವು ಹೋದ ಮೇಲೆಯೂ ಅಲ್ಲಿಯೇ ಉಳಿಯುವ ಬಾಗಿಲನ್ನು ಬೇಡಿದರು. ಅದರಿಂದ ಅವರಿಗೆ ಒದಗಿದ ಲಾಭ ಅತ್ಯಲ್ಪ. ಅವರು ಎಂದೂ ನೋಡದ ಹೆಣ್ಣುಮಕ್ಕಳು ಅದರ ಫಲವನ್ನು ಪಡೆದರು. ಮಕ್ಕಳನ್ನು ದೂರದ ಊರಿಗೆ ಓದಲು ಕಳುಹಿಸುವ ತಂದೆತಾಯಿಗಳು ಕಾಲೇಜಿನ ಕಟ್ಟಡವನ್ನೂ ಫಲಿತಾಂಶವನ್ನೂ ವಿಚಾರಿಸುವಂತೆ, ದೂರು ಕೇಳುವ ಬಾಗಿಲು ಎಲ್ಲಿದೆ, ಅದು ತೆರೆದಿದೆಯೇ ಎಂಬುದನ್ನೂ ವಿಚಾರಿಸುವುದು ಯುಕ್ತ.