ಜಾತ್ರೆ ತೊಟ್ಲಿಂದ ಥೀಮ್ ಪಾರ್ಕ್ ತಂಕ: ಹಸುಗೂಸಿನ ಪ್ರಯಾಣದ ಕತೆ

ಬೇಸಿಗೆ ರಜ ಬಂತು ಅಂದ್ರೆ ಎಳೇ ಕೂಸಿರೋ ಮನೆಗಳಲ್ಲಿ ಈಗ ಒಂದು ವಾದ ಇದ್ದೇ ಇರುತ್ತೆ. ಮನೆಯೋರೆಲ್ಲ ಥೀಮ್ ಪಾರ್ಕಿಗೆ ಹೊರಡ್ತಾರೆ, ನಾಕು ತಿಂಗಳ ಮಗೂನ ಏನ್ ಮಾಡೋದು? ಹಿರೀರು ಬ್ಯಾಡ ಅಂತಾರೆ, ಹೆತ್ತೋಳು ನಾನೂ ಬರ್ತೀನಿ ಅಂತಾಳೆ. ಪಾರ್ಕು ಹೊಸದಿರಬೌದು, ಆದ್ರೆ ಈ ವಾದ ನಮ್ಕಡೆ ಬಲು ಹಳೇದು. ಅರಸೀಕೆರೆ, ಹಳೇಬೀಡು, ಬೇಲೂರು ಸೀಮೆ ಹೆಣ್ಮಕ್ಕಳು ಕೂಸು ಕಟ್ಕಂಡು ಎಲ್ಲಿಗೆ, ಹೆಂಗೆ ಹೋಗ್ತಿದ್ರು ಅಂತ ತಿಳ್ಕಂಡ್ರೆ ಇವತ್ತಿನ ವಾದಕ್ಕೂ ಒಂದು ದಾರಿ ಕಾಣುತ್ತೆ.

ಮೊದಲು ಹೊಸಲಿನ ಮಾತು. ಬಾಣಂತಿ, ಕೂಸು ಹೊಸಲು ದಾಟೋಕೆ ನಮ್ಕಡೆ ಒಂದು ಲೆಕ್ಕ ಇತ್ತು. ತೊಟ್ಲು ಶಾಸ್ತ್ರ ಆದಮೇಲೂ ಮೂರು ತಿಂಗಳು, ಕೆಲವು ಮನೇಲಿ ಐದು ತಿಂಗಳು, ಒಳಗಿನ ಕೋಣೆನೇ ಗತಿ. ತಾಯಿ ಕಿವಿಗೆ ಹತ್ತಿ, ಕೂಸಿನ ತಲೆಗೆ ಕುಲಾವಿ, ಕೈಗೆ ಬಜೆ ಮಣಿ, ಕೆನ್ನೆಗೆ ದೃಷ್ಟಿ ಬೊಟ್ಟು. "ಗಾಳಿ ಸೋಕುತ್ತೆ" ಅನ್ನೋರು. ಈಗಿನ ಹುಡುಗೀರು ಇದನ್ನ ಮೂಢನಂಬಿಕೆ ಅಂತ ನಗ್ತಾರೆ. ನಗೋಕೆ ಮುಂಚೆ ಆ ಕಾಲದಲ್ಲಿ ಊರಾಚೆ ಏನೇನು ರೋಗ ಕಾಯ್ತಿದ್ವು ಅಂತ ನೋಡಬೇಕು.

ಒಂದನೇದು ಸಿಡುಬು. ನಮ್ಮೋರು ಅದರ ಹೆಸರು ಹೇಳೋಕೂ ಹೆದರಿ "ಅಮ್ಮ" ಅಂತಿದ್ರು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಅನ್ನೋ ಡಾಕ್ಟ್ರು ಹಸುವಿನ ಸಿಡುಬಿನಿಂದ ಲಸಿಕೆ ಮಾಡಬೌದು ಅಂತ ತೋರಿಸಿದ್ರು. ಅದು 1802ರಲ್ಲಿ ಮುಂಬಯಿ ಮುಟ್ತು. ಅಲ್ಲಿ ಮೊದಲು ಹಾಕಿಸ್ಕಂಡಿದ್ದು ಆ್ಯನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಹೆಣ್ಣು ಮಗು. ಆಗ ಲಸಿಕೆ ಇಡೋಕೆ ಫ್ರಿಜ್ಜು ಇರಲಿಲ್ಲ. ಒಂದು ಮಗೂನ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಂದು ಮಗೂನ ತೋಳಿಗೆ ಹಾಕೋರು. ಹಂಗೆ ತೋಳಿಂದ ತೋಳಿಗೆ, ಊರಿಂದ ಊರಿಗೆ, ಮಕ್ಕಳ ಮೈಮೇಲೇ ಲಸಿಕೆ ಪ್ರಯಾಣ ಮಾಡ್ತು. ನಮ್ಮ ಮೈಸೂರು ಅರಮನೆಗೂ ಅದು ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಅನ್ನೋ ಚಿತ್ರಗಾರ ಅರಮನೆಯ ಮೂವರು ಹೆಣ್ಮಕ್ಕಳ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸ್ತಾಳೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸ್ಕಂಡಿದ್ದನ್ನ ಜನಕ್ಕೆ ತೋರಿಸೋಕೆ ಬರೆಸಿದ ಚಿತ್ರ ಅಂತ ಇತಿಹಾಸಕಾರರು ಹೇಳ್ತಾರೆ. ಇಷ್ಟಾದ್ರೂ ಸಿಡುಬು ನಮ್ಮ ದೇಶ ಬಿಟ್ಟು ಹೋಗಿದ್ದು 1975ರಲ್ಲಿ. ನಾನು ಹುಟ್ಟಿದ ಮೇಲೆ!

ಎರಡನೇದು ಕಾಲರಾ. ಜನ ಸೇರಿ ಒಂದೇ ಕೆರೆ, ಕಲ್ಯಾಣಿ ನೀರು ಕುಡಿಯೋ ಜಾತ್ರೆ ಅಂದ್ರೆ ಅದಕ್ಕೆ ಹಬ್ಬ. ಮೂರನೇದು ಪ್ಲೇಗು. 1898ರಲ್ಲಿ ಬೆಂಗಳೂರು, ಮೈಸೂರಿಗೆ ಬಂದಾಗ ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕ್ಕಂಡ್ರು. ಅದಕ್ಕೆ ಒಂದು ವರ್ಷ ಮುಂಚೆ, 1897ರಲ್ಲಿ, ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದ್ರು. ರೈಲಲ್ಲಿ ಹೋಗೋರನ್ನೂ ತಡೆದು ತಪಾಸಣೆ ಮಾಡೋ ಅಧಿಕಾರ ಅದರಲ್ಲಿತ್ತು. ಕೊರೊನಾ ಬಂದಾಗ 2020ರಲ್ಲಿ ಸರ್ಕಾರ ಕೈಗೆತ್ಕಂಡಿದ್ದೂ ಅದೇ ಕಾಯ್ದೆನೇ. ಇಷ್ಟೆಲ್ಲ ಇದ್ದಾಗ ಅಜ್ಜಿ ಕೂಸನ್ನ ಹೊಸಲು ದಾಟಿಸಬ್ಯಾಡ ಅಂದಿದ್ದು ಬರೀ ಹಟ ಅಲ್ಲ. ಕ್ರಿಮಿ ಅನ್ನೋ ಮಾತು ಗೊತ್ತಿರಲಿಲ್ಲ, "ಗಾಳಿ" ಅಂದ್ರು ಅಷ್ಟೆ.

ಹಂಗಂತ ಕೂಸು ಮನೇಲೇ ಕೊಳೀತಿರಲಿಲ್ಲ. ಮಗೂನ ಮೊದಲನೇ ದೊಡ್ಡ ಪ್ರಯಾಣ ಅಂದ್ರೆ ಮುಡಿ ಕೊಡೋದು. ಒಂಬತ್ತೋ ಹನ್ನೊಂದೋ ತಿಂಗಳು, ಇಲ್ಲಾಂದ್ರೆ ಮೂರು ವರ್ಷ, ಬೆಸ ಲೆಕ್ಕ ನೋಡಿ ಮನೆದೇವರ ಹತ್ರ ಹೊರಡೋರು. ಅರಸೀಕೆರೆ ಪಕ್ಕದ ಮಾಲೇಕಲ್ ತಿರುಪತಿಗೆ ಆಷಾಢದ ತೇರಿಗೆ ಹೋಗೋರು ಕೆಲವರು, ಯುಗಾದಿ ಆದಮೇಲೆ ಬೇಲೂರಿನ ಚನ್ನಕೇಶವನ ತೇರಿಗೆ ಹೋಗೋರು ಕೆಲವರು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಐವತ್ತು ಕಿಲೋಮೀಟರಿಗೂ ಮೇಲೆ. ಈಗ ಕಾರಲ್ಲಿ ಒಂದೂವರೆ ಗಂಟೆ ಸಾಕು. ಆಗ ಎತ್ತಿನ ಗಾಡಿ, ಎರಡು ದಿನ.

ನಮ್ಮತ್ತೆ ಜಾವಗಲ್ ಕಡೆಯೋರು. ಕಮಾನು ಗಾಡೀಲಿ ಕೂಸು ಕಟ್ಕಂಡು ಬೇಲೂರು ತೇರಿಗೆ ಹೋದದ್ದನ್ನ ಈಗ್ಲೂ ಹೇಳ್ತಾರೆ. ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ, ಬೆಳ್ಳಿ ಒಳಲೆ ಒಂದು, ರಾಗಿ ಸರಿ ಹಿಟ್ಟಿನ ಗಂಟು ಒಂದು. ಬಿಸಿಲೇರಿದ ತಕ್ಷಣ ಹೊಂಗೆ ಮರದಡಿ ಗಾಡಿ ಬಿಡೋರು. ಎತ್ತಿಗೆ ನೀರು, ಗಂಡಸ್ರಿಗೆ ಬುತ್ತಿ, ಕೂಸಿಗೆ ಕೊಂಬೆಗೆ ಕಟ್ಟಿದ ಸೀರೆ ಜೋಲಿ. ಎತ್ತು ಸುಧಾರಿಸ್ಕಳೋ ಹೊತ್ತೇ ಬಾಣಂತಿ ಹಾಲು ಕುಡಿಸೋ ಹೊತ್ತು. ಬೇಕು ಅಂತ ಯಾರೂ ಮಾಡಿದ್ದಲ್ಲ, ಆದ್ರೆ ಆ ಪ್ರಯಾಣದ ನಡಿಗೆ ಕೂಸಿನ ನಡಿಗೆಗೆ ಸರಿಯಾಗಿತ್ತು.

ಜಾತ್ರೆ ಅಂದ್ರೆ ಆಗಿನ ಥೀಮ್ ಪಾರ್ಕೇ ಅಲ್ವಾ? ಮೇಲಕ್ಕೂ ಕೆಳಕ್ಕೂ ತಿರುಗೋ ರಾಟೆಗೆ ನಮ್ಕಡೆ "ತೊಟ್ಲು" ಅಂತಲೇ ಹೆಸರು. ಬೊಂಬೆ, ಬತ್ತಾಸು, ಪೀಪಿ. ನಮ್ಮತ್ತೆಗೆ ಮಾತ್ರ ನೆನಪಿರೋದು ಬಳೆಗಾರ. "ಅವತ್ತೊಂದಿನ ಕಣವ್ವ, ಕೂಸನ್ನ ನಮ್ಮತ್ತೆ ಎತ್ಕಂಡ್ರು. ನಾನು ಮಲಾರದ ಮುಂದೆ ಕೂತು ಎರಡು ಕೈ ತುಂಬ ಬಳೆ ತೊಡಿಸ್ಕಂಡೆ" ಅಂತಾರೆ. ಹೆತ್ತಮೇಲೆ ಎರಡು ಕೈನೂ ಖಾಲಿ ಬಿಟ್ಟು ಕೂತಿದ್ದು ಅದೇ ಮೊದಲಂತೆ. ಈ ಮಾತು ಮರೀಬ್ಯಾಡಿ, ಮುಂದೆ ಬೇಕಾಗುತ್ತೆ.

ಆಮೇಲೆ ಬಂತು ರೈಲು. ಬೆಂಗಳೂರಿಂದ ತುಮಕೂರು, ತಿಪಟೂರು, ಅರಸೀಕೆರೆ ಮೇಲೆ ಹರಿಹರದ ತಂಕ ಲೈನು 1889ರ ಹೊತ್ತಿಗೆ ಆಯ್ತು. ಹಾಸನ, ಮೈಸೂರು ಕಡೆ ಲೈನು ಸೇರಿದ ಮೇಲೆ ಅರಸೀಕೆರೆ ಜಂಕ್ಷನ್ ಆಯ್ತು. ದೂರದೋರು ಹಳೇಬೀಡು ನೋಡೋಕೆ ಬಾಣಾವರದಲ್ಲಿ ಇಳಿದು ಅಲ್ಲಿಂದ ಗಾಡಿ ಹಿಡಿಯೋರು. ದಾರಿ ಬೇಗ ಸವೀತು, ಆದ್ರೆ ಈಗ ಹೊತ್ತು ಕೂಸಿಂದಲ್ಲ, ಗಾರ್ಡಿನ ಹಸಿರು ಬಾವುಟದ್ದು. ಅದು ಅತ್ತರೂ ರೈಲು ನಿಲ್ಲಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ರೈಲಲ್ಲಿ ಟಿಕೆಟ್ ಇಲ್ಲ, ಅಂದಮೇಲೆ ಸೀಟೂ ಇಲ್ಲ. ತಾಯಿ ತೊಡೆನೇ ಸೀಟು.

ಇನ್ನು ಪಾರ್ಕಿನ ಕತೆ. ಅಮೆರಿಕದ ವಾಲ್ಟ್ ಡಿಸ್ನಿ ವಾರಕ್ಕೊಂದು ದಿನ ಇಬ್ರು ಹೆಣ್ಮಕ್ಕಳನ್ನ ಕುದುರೆ ರಾಟೆ ಆಡಿಸೋಕೆ ಕರ್ಕಂಡೋಗಿ, ತಾನು ಬೆಂಚಿನ ಮೇಲೆ ಕಡ್ಲೆಕಾಯಿ ತಿನ್ತಾ ಕೂರ್ತಿದ್ರಂತೆ. ಅಪ್ಪ ಅಮ್ಮ, ಮಕ್ಕಳು ಎಲ್ಲ ಸೇರಿ ಆಡೋ ಜಾಗ ಒಂದಿರಬೇಕು ಅಂತ ಅಲ್ಲೇ ಅನಿಸ್ತು ಅಂತ ಅವರೇ ಹೇಳ್ಕಂಡಿದಾರೆ. 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾಯ್ತು. ನಮ್ಮ ದೇಶದಲ್ಲಿ 1989ರಲ್ಲಿ ಮುಂಬಯಿಗೆ ಎಸ್ಸೆಲ್ ವರ್ಲ್ಡ್ ಬಂತು, 2005ರಲ್ಲಿ ಬಿಡದಿ ಹತ್ರ ವಂಡರ್‌ಲಾ ಬಂತು. ಈಗ ನಮ್ಮ ಹಾಸನ ಜಿಲ್ಲೆ ಸ್ಕೂಲುಗಳಿಂದಲೂ ಬಸ್ಸು ಮಾಡ್ಕಂಡು ಹೋಗ್ತಾರೆ.

ಇಂಥ ಪಾರ್ಕಲ್ಲಿ ಅಳತೆ ವಯಸ್ಸಿಂದಲ್ಲ, ಎತ್ತರದ್ದು. ಯಾವ ಆಟಕ್ಕೆ ಎಷ್ಟು ಎತ್ತರ ಇರಬೇಕು ಅಂತ ಕೋಲು ನಿಲ್ಲಿಸಿರ್ತಾರೆ. ನಾಕು ತಿಂಗಳ ಕೂಸು ಅರವತ್ತು, ಅರವತ್ತೈದು ಸೆಂಟಿಮೀಟರ್ ಇದ್ರೆ ಹೆಚ್ಚು. ಅದಕ್ಕೆ ಅಲ್ಲಿ ಆಡೋ ಆಟ ಯಾವುದೂ ಇಲ್ಲ. ನೀರಿನ ಆಟ ಅಂತೂ ಮಾತೇ ಇಲ್ಲ. ಅಂದಮೇಲೆ ಕೂಸಿನ ಜೊತೆ ಒಬ್ರು ನೆರಳಲ್ಲಿ ಕೂರಲೇಬೇಕು. ಯಾರು ಕೂರೋದು? ಮನೆಯೋರು ಯಾರನ್ನೂ ಕೇಳಲ್ಲ. ಹೆತ್ತೋಳು, ಇಲ್ಲಾ ಅಜ್ಜಿ. ಡಿಸ್ನಿ ಬೆಂಚಿನ ಮೇಲೆ ಕೂತು ಬೇಜಾರ್ ಮಾಡ್ಕಂಡ್ರಲ್ಲ, ಆ ಬೆಂಚು ಈಗ ತಾಯಿ ಪಾಲಿಗೆ ಬಂದೈತೆ.

ನನ್ನ ಮಗಳದ್ದೂ ಇದೇ ಮಾತು. ಮೊಮ್ಮಗಳಿಗೆ ಈಗ ನಾಕು ತಿಂಗಳು. "ಅಮ್ಮ, ನಾಕು ತಿಂಗಳಿಂದ ನಾಕು ಗೋಡೆ ನೋಡಿ ಸಾಕಾಗೈತೆ" ಅಂದ್ಲು. ನಮ್ಮತ್ತೆ "ಕೂಸಿಗೆ ಏನಾದ್ರೂ ಆದ್ರೆ?" ಅಂದ್ರು. ಇಬ್ರ ಮಾತಲ್ಲೂ ನಿಜ ಐತೆ. ಹೊಸಲಿನ ಶಾಸ್ತ್ರ ಕೂಸನ್ನ ಕಾಪಾಡ್ತು, ತಾಯಿನ ಕೂಡಿಹಾಕ್ತು. ಜಾತ್ರೆ ತಾಯಿಗೆ ಒಂದಿನ ಬಿಡುಗಡೆ ಕೊಡ್ತು, ಎಷ್ಟೋ ಕೂಸುಗಳಿಗೆ ರೋಗ ಹತ್ತಿಸ್ತು. ಎರಡರಲ್ಲೂ ಒಳ್ಳೇದನ್ನ ಮಾತ್ರ ಇಟ್ಕಳೋ ಅನುಕೂಲ ನಮ್ಮ ಕಾಲಕ್ಕೆ ಇದೆ.

ಹೆಂಗೆ ಅಂದ್ರೆ, ಈಗ ಹೊಸಲಿನ ಲೆಕ್ಕ ತಾಯಿ ಕಾರ್ಡಲ್ಲಿ ಐತೆ. ಆರು, ಹತ್ತು, ಹದಿನಾಕು ವಾರದ ಲಸಿಕೆ ಮುಗಿದಿರಬೇಕು. ದಡಾರದ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೇ ಹಾಕೋದು, ಹಂಗಾಗಿ ಅಲ್ಲೀ ತಂಕ ನೂಕುನುಗ್ಗಲಿಂದ ದೂರ ಇದ್ದಷ್ಟೂ ಒಳ್ಳೇದು. ಆರು ತಿಂಗಳ ತಂಕ ತಾಯಿ ಹಾಲು ಬಿಟ್ಟು ಬೇರೇನೂ ಬ್ಯಾಡ, ಎಷ್ಟೇ ಸೆಖೆ ಇದ್ರೂ ನೀರೂ ಬ್ಯಾಡ ಅಂತ ಡಾಕ್ಟ್ರು ಹೇಳ್ತಾರೆ. ಹಂಗಾದ್ರೆ ನೀರು ಕುಡೀಬೇಕಾದೋಳು ತಾಯಿ, ಗಂಟೆಗೊಂದ್ಸಲ ಕೂತು ಹಾಲು ಕೊಡೋಕೆ ಜಾಗ ಬೇಕಾದೋಳೂ ತಾಯಿ. ಇದು ನೋಡದೆ ಹೊರಡೋ ಪ್ರವಾಸ ಯಾವುದೇ ಇರಲಿ, ಕೂಸಿಗೂ ಕಷ್ಟ, ತಾಯಿಗೂ ಕಷ್ಟ.

ಅದಕ್ಕೇ ನಾವು ಬಿಡದಿ ಬಿಟ್ಟು ಹಳೇಬೀಡು, ಬೇಲೂರು ಅಂದ್ವಿ. ತೇರಿನ ದಿನ ಅಲ್ಲ, ಜನ ಕಮ್ಮಿ ಇರೋ ವಾರದ ದಿನ, ಬೆಳಗ್ಗೆನೇ. ಮಧ್ಯಾಹ್ನ ಆದ್ರೆ ಅಂಗಳದ ಕಲ್ಲು ಕಾವಲಿ ಆಗುತ್ತೆ, ಬರಿಗಾಲಲ್ಲಿ ಕೂಸು ಎತ್ಕಂಡು ಓಡೋಕಾಗಲ್ಲ. ಎರಡು ಗುಡಿನೂ ಎತ್ತರದ ಜಗತಿ ಮೇಲಿರೋದು, ತಳ್ಳೋ ಗಾಡಿ ಮೆಟ್ಲು ಹತ್ತಲ್ಲ, ಸೀರೆ ಜೋಲಿನೇ ಸರಿ. ಬೇಲೂರಿನ ಗುಡಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, ಪಕ್ಕದ ಕಪ್ಪೆ ಚನ್ನಿಗರಾಯನ ಗುಡಿ ರಾಣಿ ಶಾಂತಲೆ ಕಟ್ಟಿಸಿದ್ದು. ಒಳಗಿನ ನವರಂಗ ಬಿಸಿಲಲ್ಲೂ ತಣ್ಣಗಿರುತ್ತೆ. ಹಳೇಬೀಡಲ್ಲಿ ಹೊಯ್ಸಳೇಶ್ವರನ ಗೋಡೆ ಮೇಲೆ ಕೃಷ್ಣ ಗೋವರ್ಧನ ಬೆಟ್ಟ ಎತ್ತಿರೋದು ಐತೆ, ಹೋದವರು ತಪ್ಪದೆ ನೋಡಿ. ದನ, ಕರು, ಗೊಲ್ಲರು ಎಲ್ಲ ಅದೊಂದೇ ನೆರಳಡಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು. ಬರೋ ಜನ ಇನ್ನೂ ಜಾಸ್ತಿ ಆಗ್ತಾರೆ, ಅದರಲ್ಲಿ ಕೂಸು ಎತ್ಕಂಡ ತಾಯಂದಿರೂ ಇರ್ತಾರೆ. ತಾಜ್ ಮಹಲಲ್ಲಿ 2019ರಲ್ಲಿ ಹಾಲುಣಿಸೋ ಕೋಣೆ ಮಾಡಿದ್ರು. ಅಂಥದ್ದು ಪ್ರತಿ ಗುಡಿ, ಪ್ರತಿ ಜಾತ್ರೆ, ಪ್ರತಿ ಪಾರ್ಕಲ್ಲೂ ಇರಬೇಕು ಅಂತ ನಾವು ಹೆಂಗಸ್ರು ಬಾಯಿಬಿಟ್ಟು ಕೇಳಬೇಕು.

ಇನ್ನೊಂದನ್ನ ಸರ್ಕಾರ ಕೊಡೋಕಾಗಲ್ಲ, ಮನೆಯೋರೇ ಕೊಡಬೇಕು. ಡಿಸ್ನಿ ಪಾರ್ಕುಗಳಲ್ಲಿ ಒಂದು ಪದ್ಧತಿ ಐತೆ. ಒಬ್ರು ಕೂಸಿನ ಜೊತೆ ಕಾಯ್ತಾರೆ, ಇನ್ನೊಬ್ರು ಆಡಿ ಬರ್ತಾರೆ, ಆಮೇಲೆ ಕಾದೋರು ಮತ್ತೆ ಉದ್ದ ಸಾಲಲ್ಲಿ ನಿಲ್ಲದೆ ಆಡೋಕೆ ಹೋಗ್ತಾರೆ. ನಮ್ಮತ್ತೆಯ ಅತ್ತೆ ಬೇಲೂರು ತೇರಲ್ಲಿ ಕೂಸನ್ನ ಎತ್ಕಂಡು ಸೊಸೆನ ಬಳೆಗಾರನ ಹತ್ರ ಕಳಿಸಿದ್ರಲ್ಲ, ಅದೂ ಇದೇ. ಹೊರಡೋ ಮುಂಚೆ ಬಟ್ಟೆ ಗಂಟು ಕಟ್ಟುವಾಗಲೇ ಯಾವ ಹೊತ್ತಿಗೆ ಯಾರು ಕೂಸು ಎತ್ಕಳೋದು ಅಂತ ಸರದಿ ಮಾತಾಡ್ಕಳಿ. ಆ ಸರದೀಲಿ ಗಂಡಸ್ರ ಹೆಸರೂ ಇರಲಿ.