ಬಡ ಮಕ್ಕಳ ಪಾಲಿನ ಹಣಕ್ಕೆ ಕಾವಲು: ಅಮೆರಿಕದ ಶಾಲಾ ಅನುದಾನ ಮತ್ತು ಆಡಿಟ್ ನಡೆದುಬಂದ ದಾರಿ

ಅಮೆರಿಕದ ಸರ್ಕಾರಿ ಶಾಲೆಗಳು ನಡೆಯುವುದು ಬಹುಮಟ್ಟಿಗೆ ಊರಿನ ಆಸ್ತಿ ತೆರಿಗೆ ಮತ್ತು ರಾಜ್ಯದ ಬೊಕ್ಕಸದಿಂದ. ಕೇಂದ್ರ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಆದರೆ ಆ ಪಾಲಿಗೆ ಯಾವಾಗಲೂ ಒಂದು ಹೆಸರಿರುತ್ತದೆ. 1946ರ ಶಾಲಾ ಊಟದ ಕಾಯ್ದೆಯ ಹಣ ಹಸಿದ ಮಕ್ಕಳಿಗೆ. 1965ರ ಶಿಕ್ಷಣ ಕಾಯ್ದೆಯ ‘ಟೈಟಲ್ 1’ ಹಣ ಬಡತನ ಹೆಚ್ಚಿರುವ ಶಾಲೆಗಳ ಮಕ್ಕಳಿಗೆ. 1975ರ ಕಾಯ್ದೆಯ ಹಣ ಅಂಗವಿಕಲ ಮಕ್ಕಳಿಗೆ. ಹೆಸರಿಟ್ಟು ಕೊಟ್ಟ ಹಣ ಆ ಹೆಸರಿನವರಿಗೇ ಮುಟ್ಟಿತೆಂದು ತಿಳಿಯುವುದು ಹೇಗೆ? ಆರು ದಶಕಗಳಿಂದ ಬೆಳೆದುಬಂದ ಆಂತರಿಕ ನಿಯಂತ್ರಣ ಮತ್ತು ಲೆಕ್ಕಪರಿಶೋಧನೆಯ ವ್ಯವಸ್ಥೆ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ. ಅದರ ಇತಿಹಾಸವನ್ನು ನಿಯಮಗಳ ಪಟ್ಟಿಯಾಗಿ ಓದಿದರೆ ಅದರ ಜೀವ ಕಾಣುವುದಿಲ್ಲ.

ದೂರು ಮೊದಲು, ನಿಯಮ ಆಮೇಲೆ

1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸಿನಲ್ಲಿ ತಾವು ಓದಿದ ಹಳೆಯ ಶಾಲೆಯ ಮುಂದೆ, ತಮಗೆ ಅಕ್ಷರ ಕಲಿಸಿದ ಶಿಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಹಣ ಹೊರಟಿತು, ಅದರ ಹಿಂದೆ ಹೋಗಿ ನೋಡುವವರು ಸಾಕಷ್ಟು ಇರಲಿಲ್ಲ. 1969ರಲ್ಲಿ ನಾಗರಿಕ ಹಕ್ಕುಗಳ ಹೋರಾಟದಲ್ಲಿದ್ದ ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್‌ಕ್ಲೂರ್ ಒಂದು ವರದಿ ಹೊರತಂದರು. ಸರ್ಕಾರದ್ದೇ ಆಡಿಟ್ ಕಾಗದಗಳನ್ನು ಜಾಲಾಡಿ ಅವರು ತೋರಿಸಿದ್ದೇನೆಂದರೆ, ಬಡ ಮಕ್ಕಳಿಗೆಂದು ಬಂದ ಹಣ ಎಷ್ಟೋ ಕಡೆ ಎಲ್ಲರ ಸಾಮಾನ್ಯ ಖರ್ಚಿಗೆ ಕರಗಿಹೋಗುತ್ತಿತ್ತು. ದಕ್ಷಿಣದ ಕೆಲವು ಶಾಲಾ ಜಿಲ್ಲೆಗಳಲ್ಲಿ ಬಿಳಿಯರ ಶಾಲೆಗಳಿಗೆ ಊರಿನ ಹಣದಲ್ಲಿ ದೊರೆಯುತ್ತಿದ್ದ ಸೌಲಭ್ಯವನ್ನೇ ಕರಿಯರ ಶಾಲೆಗಳಿಗೆ ಕೇಂದ್ರದ ಹಣದಲ್ಲಿ ಒದಗಿಸುತ್ತಿದ್ದರು. ಅಂದರೆ ಆ ಮಕ್ಕಳಿಗೆ ಹೆಚ್ಚುವರಿಯಾಗಿ ಏನೂ ಸಿಗುತ್ತಿರಲಿಲ್ಲ.

ಶಿಕ್ಷಣ ಕಾಯ್ದೆಯ 1970ರ ತಿದ್ದುಪಡಿಯ ಹಿಂದೆ ಈ ವರದಿಯ ಆಕ್ರೋಶವಿತ್ತು. ತಿದ್ದುಪಡಿ ಹೇಳಿದ್ದಿಷ್ಟು: ಕೇಂದ್ರದ ಹಣ ಊರಿನ ಹಣಕ್ಕೆ ಮೇಲಿನ ಸೇರ್ಪಡೆಯಾಗಬೇಕು, ಅದರ ಜಾಗವನ್ನು ತುಂಬಬಾರದು. ಅನುದಾನ ಪಡೆಯುವ ಶಾಲೆಗೂ ಪಡೆಯದ ಶಾಲೆಗೂ ಊರಿನ ಹಣದಿಂದ ಸಿಗುವ ಸೌಲಭ್ಯ ಒಂದೇ ಮಟ್ಟದಲ್ಲಿರಬೇಕು. ಇಂದಿಗೂ ಆಡಿಟರು ಕೇಳುವ ಮುಖ್ಯ ಪ್ರಶ್ನೆಗಳು ಇವೇ. ತಾರತಮ್ಯ ಕಂಡು ನೊಂದವರು ಕೇಳಿದ ಪ್ರಶ್ನೆಗಳು ಲೆಕ್ಕದ ನಿಯಮಗಳಾದವು ಎಂಬುದನ್ನು ಈ ಕ್ಷೇತ್ರದವರು ಮರೆಯಬಾರದು.

ನಿಯಮಕ್ಕೆ ಬಲ ಬಂದದ್ದು ಸುಪ್ರೀಂ ಕೋರ್ಟಿನಿಂದ. ದುರ್ಬಳಕೆಯಾದ ಅನುದಾನವನ್ನು ಕೇಂದ್ರ ವಸೂಲಿ ಮಾಡಬಹುದೆಂದು 1983ರ ನ್ಯೂಜೆರ್ಸಿ ಪ್ರಕರಣದಲ್ಲಿ ಕೋರ್ಟು ಹೇಳಿತು. 1985ರ ಕೆಂಟುಕಿ ಪ್ರಕರಣ ಇನ್ನೂ ಬಿಗಿ. ಅಲ್ಲಿ ಕೆಳ ತರಗತಿಗಳ ಹಿಂದುಳಿದ ಮಕ್ಕಳನ್ನು ಟೈಟಲ್ 1 ಹಣದ ಪ್ರತ್ಯೇಕ ತರಗತಿಗೆ ಸೇರಿಸಿದ್ದರು. ಆ ಮಕ್ಕಳಿಗೆ ರಾಜ್ಯ ಮಾಡಬೇಕಿದ್ದ ಖರ್ಚು ಉಳಿದುಹೋಗಿತ್ತು. ಸದುದ್ದೇಶವಿತ್ತು, ಬಹುಪಾಲು ನಿಯಮ ಪಾಲಿಸಿದ್ದೆವು ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ.

ಹಲವು ಆಡಿಟ್‌ಗಳಿಂದ ಒಂದೇ ಆಡಿಟ್‌ಗೆ

ಅಷ್ಟರಲ್ಲಿ ಇನ್ನೊಂದು ಸಮಸ್ಯೆ ಬೆಳೆದಿತ್ತು. ಊಟದ ಹಣಕ್ಕೆ ಒಂದು ಇಲಾಖೆಯ ಆಡಿಟರು, ಪಾಠದ ಹಣಕ್ಕೆ ಇನ್ನೊಂದು ಇಲಾಖೆಯವರು. ಕೆಲವು ಜಿಲ್ಲೆಗಳಿಗೆ ಒಬ್ಬರ ಹಿಂದೊಬ್ಬರು ಬರುತ್ತಿದ್ದರೆ ಕೆಲವಕ್ಕೆ ಯಾರೂ ಬರುತ್ತಿರಲಿಲ್ಲ. ಸಂಸತ್ತಿನ ಪರವಾಗಿ ಲೆಕ್ಕ ನೋಡುವ ಜನರಲ್ ಅಕೌಂಟಿಂಗ್ ಆಫೀಸ್ 1972ರಲ್ಲೇ ಸರ್ಕಾರಿ ಆಡಿಟ್ ಮಾನದಂಡಗಳನ್ನು ಪ್ರಕಟಿಸಿತ್ತು. ‘ಯೆಲ್ಲೋ ಬುಕ್’ ಎಂದೇ ಅದು ಹೆಸರಾಗಿದೆ. ಅನುದಾನಗಳ ಆಡಿಟ್ ಹೇಗೆ ಗೋಜಲಾಗಿದೆ, ಎಲ್ಲೆಲ್ಲಿ ತೂತು ಬಿದ್ದಿದೆ ಎಂದು ಇದೇ ಸಂಸ್ಥೆ 1979ರಲ್ಲಿ ಕಟುವಾಗಿ ವರದಿ ಮಾಡಿತು.

1984ರ ಸಿಂಗಲ್ ಆಡಿಟ್ ಕಾಯ್ದೆ ಇದಕ್ಕೆ ಕಂಡ ಪರಿಹಾರ. ಇಡೀ ಸಂಸ್ಥೆಗೆ ಒಂದೇ ಆಡಿಟ್, ಅದರಲ್ಲೇ ಕೇಂದ್ರದ ಎಲ್ಲ ಅನುದಾನಗಳ ಪರಿಶೀಲನೆ. ಆಗ 1 ಲಕ್ಷ ಡಾಲರ್ ಪಡೆದವರಿಗೆ ಅದು ಕಡ್ಡಾಯವಾಗಿತ್ತು. 1996ರ ತಿದ್ದುಪಡಿ ಮಿತಿಯನ್ನು 3 ಲಕ್ಷಕ್ಕೆ ಏರಿಸಿದ್ದಲ್ಲದೆ, ಯಾವ ಯೋಜನೆಯಲ್ಲಿ ಅಪಾಯ ಹೆಚ್ಚೋ ಅದನ್ನೇ ಆಳವಾಗಿ ನೋಡುವ ಪದ್ಧತಿ ತಂದಿತು. ಮಿತಿ ಮುಂದೆ 5 ಲಕ್ಷ, 7.5 ಲಕ್ಷವಾಗಿ, 2024ರ ಪರಿಷ್ಕರಣೆಯಲ್ಲಿ 10 ಲಕ್ಷ ಡಾಲರಿಗೆ ಬಂದು ನಿಂತಿದೆ. ಯಾವ ಯೋಜನೆಯಲ್ಲಿ ಏನೇನು ಪರೀಕ್ಷಿಸಬೇಕೆಂಬ ಕೈಪಿಡಿ ಪ್ರತಿ ವರ್ಷ ಹೊರಡುತ್ತದೆ.

ಆಡಿಟರು ಬರುವ ಮುಂಚಿನ ಕೆಲಸ

ಆಡಿಟ್ ಬರುವ ಹೊತ್ತಿಗೆ ಹಣ ಖರ್ಚಾಗಿರುತ್ತದೆ. ತಪ್ಪನ್ನು ಆಗುವ ಮೊದಲೇ ತಡೆಯಬೇಕಾದದ್ದು ಆಂತರಿಕ ನಿಯಂತ್ರಣ. ಖಾಸಗಿ ಕಂಪನಿಗಳ ಲೋಕದಲ್ಲಿ 1992ರಲ್ಲಿ ರೂಪುಗೊಂಡ ‘ಕೊಸೊ’ ಚೌಕಟ್ಟು ಇದನ್ನು ಐದು ಭಾಗಗಳಾಗಿ ವಿಂಗಡಿಸಿತು: ಸಂಸ್ಥೆಯ ನೈತಿಕ ವಾತಾವರಣ, ಅಪಾಯದ ಅಂದಾಜು, ತಡೆಯ ಕ್ರಮಗಳು, ಮಾಹಿತಿಯ ಹರಿವು, ನಿರಂತರ ಮೇಲ್ವಿಚಾರಣೆ. ಇದೇ ವಿಚಾರಗಳು ಕೇಂದ್ರ ಸರ್ಕಾರದ ಆಂತರಿಕ ನಿಯಂತ್ರಣ ಮಾನದಂಡಗಳಾದ ‘ಗ್ರೀನ್ ಬುಕ್’ಗೂ ಬಂದವು. 2013ರ ಡಿಸೆಂಬರಿನಲ್ಲಿ ಹೊರಟ, ಕೇಂದ್ರದ ಅನುದಾನಗಳ ಏಕರೂಪ ಮಾರ್ಗಸೂಚಿಯಲ್ಲಿ, ಅನುದಾನ ಪಡೆಯುವ ಪ್ರತಿ ಸಂಸ್ಥೆಗೂ ಪರಿಣಾಮಕಾರಿ ಆಂತರಿಕ ನಿಯಂತ್ರಣ ಇರಲೇಬೇಕೆಂಬ ಷರತ್ತು ಎದ್ದುಕಾಣುವ ಸ್ಥಾನ ಪಡೆಯಿತು.

ಶಾಲೆಯಲ್ಲಿ ಇದರ ಅರ್ಥ ಸರಳ. ಸಾಮಾನಿಗೆ ಆರ್ಡರ್ ಕೊಡುವವರು ಒಬ್ಬರು, ಬಂದದ್ದನ್ನು ಎಣಿಸಿ ತೆಗೆದುಕೊಳ್ಳುವವರು ಇನ್ನೊಬ್ಬರು, ಬಿಲ್ಲು ಪಾವತಿಸುವವರು ಮತ್ತೊಬ್ಬರು. ಅನುದಾನದ ಹಣದಲ್ಲಿ ಕೊಂಡ ಲ್ಯಾಪ್‌ಟಾಪು ದಾಸ್ತಾನು ಪುಸ್ತಕದಲ್ಲಿರಬೇಕು, ಕೋಣೆಯಲ್ಲೂ ಇರಬೇಕು. ಬಡಿಸಿದ ಊಟವನ್ನು ಬಡಿಸುವ ಹೊತ್ತಿನಲ್ಲೇ ಎಣಿಸಬೇಕು. ಒಬ್ಬರೇ ಗುಮಾಸ್ತರಿರುವ ಪುಟ್ಟ ಜಿಲ್ಲೆಯಲ್ಲಿ ಕೆಲಸ ಹಂಚುವುದು ಕಷ್ಟ; ಅಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟನ್ನು ಶಾಲಾ ಮಂಡಳಿಯ ಸದಸ್ಯರೊಬ್ಬರು ತಾವೇ ತೆರೆದು ನೋಡಿದರೂ ದೊಡ್ಡ ತಡೆಯಾಗುತ್ತದೆ.

ಈ ತಡೆಗಳಿಲ್ಲದಿದ್ದರೆ ಏನಾಗುತ್ತದೆಂದು ನ್ಯೂಯಾರ್ಕ್ ರಾಜ್ಯದ ರೋಸ್ಲಿನ್ ಶಾಲಾ ಜಿಲ್ಲೆ ತೋರಿಸಿತು. ಅಲ್ಲಿ ಮುಖ್ಯಸ್ಥರೂ ಅವರ ಆಪ್ತರೂ ಸುಮಾರು 1.1 ಕೋಟಿ ಡಾಲರ್ ನುಂಗಿದ್ದರೆಂದು ರಾಜ್ಯದ ಲೆಕ್ಕನಿಯಂತ್ರಕರ 2005ರ ವರದಿ ಹೇಳಿತು. ಅದು ಮುಖ್ಯವಾಗಿ ಊರಿನ ತೆರಿಗೆದಾರರ ಹಣ. ಆದರೆ ಹೆಸರಾಂತ ಮುಖ್ಯಸ್ಥರನ್ನು ಯಾರೂ ಪ್ರಶ್ನಿಸದಿದ್ದ ಆ ವಾತಾವರಣದಲ್ಲಿ ಯಾವ ಹಣವೂ ಸುರಕ್ಷಿತವಲ್ಲ. ಅದೇ ವರ್ಷ ನ್ಯೂಯಾರ್ಕ್ ಶಾಸನ ಮಾಡಿ ಶಾಲಾ ಜಿಲ್ಲೆಗಳಲ್ಲಿ ಆಡಿಟ್ ಸಮಿತಿ, ಆಂತರಿಕ ಆಡಿಟ್ ಮುಂತಾದವನ್ನು ತಂದಿತು.

ಕಾಗದದ ಹೊರೆ, ಸಡಿಲಿಕೆಯ ಬೆಲೆ

ಬಿಗಿ ನಿಯಮಗಳಿಗೂ ಬೆಲೆಯಿದೆ. ಎರಡು ಮೂಲಗಳಿಂದ ಸಂಬಳ ಪಡೆಯುವ ಶಿಕ್ಷಕರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟೆವೆಂದು ತಿಂಗಳು ತಿಂಗಳೂ ಬರೆದು ಸಹಿ ಹಾಕಬೇಕಿತ್ತು. ಸಹಿಯೊಂದು ಬಿಟ್ಟುಹೋದರೆ, ಪಾಠ ನಡೆದಿದ್ದರೂ ಆಡಿಟ್ ಆಕ್ಷೇಪಣೆ. ಆಕ್ಷೇಪಣೆಗೆ ಹೆದರಿದ ಶಾಲೆಗಳು ಅನುದಾನದ ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು ಬೇರೆ ಕೂರಿಸಿ ಕಲಿಸುತ್ತಿದ್ದವು; ಲೆಕ್ಕ ಸ್ಪಷ್ಟವಾಗಿರುತ್ತಿತ್ತು, ಮಗು ತನ್ನ ತರಗತಿಯ ಪಾಠವನ್ನೇ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಕಾನೂನು ಮೆಲ್ಲಮೆಲ್ಲನೆ ಸಡಿಲವಾಯಿತು. ಹಣವನ್ನು ಇಡೀ ಶಾಲೆಯ ಸುಧಾರಣೆಗೆ ಬಳಸಲು ಬೇಕಾದ ಬಡ ಮಕ್ಕಳ ಪ್ರಮಾಣ ಶೇ 75ರಿಂದ 1994ರಲ್ಲಿ ಶೇ 50ಕ್ಕೆ, 2001ರ ಕಾಯ್ದೆಯಲ್ಲಿ ಶೇ 40ಕ್ಕೆ ಇಳಿಯಿತು. 2015ರ ಕಾಯ್ದೆ ಪ್ರತಿ ಖರ್ಚನ್ನೂ ಜರಡಿ ಹಿಡಿಯುವ ಬದಲು, ಊರಿನ ಮತ್ತು ರಾಜ್ಯದ ಹಣವನ್ನು ಜಿಲ್ಲೆ ಯಾವ ಸೂತ್ರದಲ್ಲಿ ಹಂಚಿತು ಎಂಬುದನ್ನು ನೋಡಿ ಎಂದಿತು. ಇವು ವಿವೇಕದ ಬದಲಾವಣೆಗಳು.

ಕೊರೊನಾ ಕಾಲದ ಸಡಿಲಿಕೆ ಬೇರೆಯ ಪಾಠ ಕಲಿಸಿತು. 2020–21ರ ಮೂರು ಕಾಯ್ದೆಗಳು ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಒದಗಿಸಿದವು. ಶಾಲೆ ಮುಚ್ಚಿದ್ದರಿಂದ ಊಟದ ಯೋಜನೆಯ ಷರತ್ತುಗಳೂ ಸಡಿಲಗೊಂಡವು. ಅದು ಅಗತ್ಯವೇ ಆಗಿತ್ತು, ಮಕ್ಕಳು ಹಸಿದಿದ್ದರು. ಆದರೆ ಮಿನೆಸೋಟದಲ್ಲಿ ‘ಫೀಡಿಂಗ್ ಅವರ್ ಫ್ಯೂಚರ್’ ಎಂಬ ಸಂಸ್ಥೆಯ ಸುತ್ತ, ಬಡಿಸದ ಊಟಕ್ಕೆ ಬಿಲ್ಲು, ಕಲ್ಪಿತ ಹೆಸರುಗಳ ಪಟ್ಟಿ ಸೃಷ್ಟಿಯಾಗಿ ಸುಮಾರು 25 ಕೋಟಿ ಡಾಲರ್ ವಂಚನೆಯ ಆರೋಪ 2022ರಲ್ಲಿ ದಾಖಲಾಯಿತು. ಮುಂದೆ ಹಲವರು ಅಪರಾಧಿಗಳೆಂದು ತೀರ್ಪಾಯಿತು. ರಾಜ್ಯದ ಶಿಕ್ಷಣ ಇಲಾಖೆಯ ದುರ್ಬಲ ಮೇಲ್ವಿಚಾರಣೆಯೇ ವಂಚನೆಗೆ ಅವಕಾಶ ಮಾಡಿಕೊಟ್ಟಿತೆಂದು ಶಾಸನಸಭೆಯ ಆಡಿಟರು 2024ರಲ್ಲಿ ಹೇಳಿದರು. ಷರತ್ತು ಸಡಿಲಿಸಬಹುದು, ಸ್ಥಳಕ್ಕೆ ಹೋಗಿ ತಲೆ ಎಣಿಸುವುದನ್ನು ಬಿಡಬಾರದು.

ಇನ್ನು ಯಾರ ಕಾವಲು?

ಹತ್ತು ಲಕ್ಷ ಡಾಲರಿನ ಹೊಸ ಮಿತಿಯಿಂದ ಅನೇಕ ಸಣ್ಣ ಜಿಲ್ಲೆಗಳು ಸಿಂಗಲ್ ಆಡಿಟ್‌ನಿಂದ ಹೊರಗುಳಿಯುತ್ತವೆ. 2025ರ ಮಾರ್ಚಿನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ತನ್ನ ಸಿಬ್ಬಂದಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದಾಗಿ ಘೋಷಿಸಿತು. ಮೇಲಿನ ಕಣ್ಣು ಮಂಕಾದಷ್ಟೂ ಶಾಲೆಯ ಒಳಗಿನ ಶಿಸ್ತಿನ ಮೇಲೆ ಭಾರ ಹೆಚ್ಚುತ್ತದೆ.

ಅದಕ್ಕೆ ನೆರವಾಗುವ ಒಂದು ದಾರಿ ಈಗಾಗಲೇ ತೆರೆದಿದೆ. ಸಿಂಗಲ್ ಆಡಿಟ್ ವರದಿಗಳು ಕೇಂದ್ರದ ಜಾಲತಾಣದಲ್ಲಿ ಸಾರ್ವಜನಿಕರಿಗೆ ಸಿಗುತ್ತವೆ. ಅವುಗಳನ್ನು ಓದುವವರು ಬಹುತೇಕ ಅಧಿಕಾರಿಗಳೇ. ಆ ವರದಿಯ ಆಕ್ಷೇಪಣೆಗಳು ಮತ್ತು ಅವಕ್ಕೆ ಜಿಲ್ಲೆ ಕೊಟ್ಟ ಉತ್ತರ ಎರಡು ಪುಟದ ಸರಳ ಬರಹವಾಗಿ, ಮನೆಮಾತು ಸ್ಪ್ಯಾನಿಶ್ ಆದವರಿಗೆ ಸ್ಪ್ಯಾನಿಶಿನಲ್ಲೇ, ಪ್ರತಿ ವರ್ಷ ಪೋಷಕರ ಸಭೆಗೆ ಬರಬೇಕು. ಯಾರ ಮಗುವಿನ ಹೆಸರಿನಲ್ಲಿ ಹಣ ಬಂದಿದೆಯೋ ಅವರು ಕೇಳುವ ಪ್ರಶ್ನೆಗೆ ಶಾಲಾ ಮಂಡಳಿ ಎಲ್ಲರೆದುರು ಉತ್ತರ ಕೊಡಬೇಕಾಗಿ ಬಂದಾಗ ನಿಯಂತ್ರಣ ಕಡತದಿಂದ ಹೊರಬಂದು ಕೆಲಸ ಮಾಡುತ್ತದೆ.